ಬಾಲ್ಕನಿಯ ಮೀಟರ್ ನಂಬಬೇಕೋ, ಮಂಡಳಿಯನ್ನೋ?

ಪ್ರಶ್ನೆ: ಸರ್, ನಮ್ಮ ಓಣಿಯವರು ಪಟ್ಟಿ ಹಾಕಿ ಗಾಳಿ ಅಳೆಯುವ ಸಣ್ಣ ಮೀಟರ್ ತಂದೆವು. ನಸುಕಿನ ಆರಕ್ಕೆ ಅದು 155 ತೋರಿಸಿತು. ಅವತ್ತಿನ ಮಾಲಿನ್ಯ ನಿಯಂತ್ರಣ ಮಂಡಳಿ ಲೆಕ್ಕದಲ್ಲಿ ‘ತೃಪ್ತಿಕರ’ ಅಂತಿತ್ತು. ಯಾರದು ಸುಳ್ಳು?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಮತ್ತದೇ ಪ್ರಶ್ನೆ! 155 ಅಂದರೆ ಏನು? ಮೈಕ್ರೋಗ್ರಾಮೋ, ಎಕ್ಯೂಐ ಅನ್ನುವ ಗಾಳಿ ಗುಣಮಟ್ಟದ ಸೂಚ್ಯಂಕವೋ? ಎಕ್ಯೂಐ ಆದರೆ ಯಾವ ದೇಶದ್ದು? ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಪಿಎಂ 2.5 (ತೀರಾ ಸಣ್ಣ ಧೂಳಿನ ಕಣ) ಇದ್ದರೆ ನಮ್ಮ ಲೆಕ್ಕದಲ್ಲಿ ಎಕ್ಯೂಐ 100, ‘ತೃಪ್ತಿಕರ’. ಅದೇ ಗಾಳಿ ಅಮೆರಿಕದ ಲೆಕ್ಕದಲ್ಲಿ 150 ದಾಟುತ್ತದೆ. ಎಷ್ಟೋ ಆ್ಯಪ್‌ಗಳು ತೋರಿಸುವುದು ಅಮೆರಿಕದ್ದೇ. ಅದಕ್ಕೇ ಎಕ್ಯೂಐ ಬಿಟ್ಟು ಮೈಕ್ರೋಗ್ರಾಂ ಬರೆದಿಡಿ. (ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಿತಿ ದಿನದ ಸರಾಸರಿ 15 ಮೈಕ್ರೋಗ್ರಾಂ. ಹಾಗಾಗಿ 60ಕ್ಕೆ ‘ತೃಪ್ತಿಕರ’ ಅಂದರೆ ನನಗಂತೂ ತೃಪ್ತಿಯಿಲ್ಲ.)

ಇನ್ನು ಮಂಡಳಿಯದು 24 ಗಂಟೆಯ ಸರಾಸರಿ, ನಿಮ್ಮದು ಒಂದು ಗಳಿಗೆಯದು. ಚಳಿಗಾಲದ ನಸುಕಿನಲ್ಲಿ ಮೇಲೆ ಬೆಚ್ಚನೆ ಗಾಳಿ ಮುಚ್ಚಳದಂತೆ ಕೂತಿರುತ್ತದೆ, ಹೊಗೆ ಕೆಳಗೇ ಸುತ್ತುತ್ತದೆ. ಜೊತೆಗೆ ಇಬ್ಬನಿ. ಲೇಸರ್ ಬೆಳಕಿನಲ್ಲಿ ಕಣ ಎಣಿಸುವ ಈ ಅಗ್ಗದ ಮೀಟರ್‌ಗೆ ನೀರಿನ ಹನಿಯೂ ಧೂಳೇ.

ಒಂದು ಮನೆಯಲ್ಲಿ ದಿನಾ ಸಂಜೆ ಐದಕ್ಕೆ ಮೀಟರ್ ಜಿಗಿಯುತ್ತಿತ್ತು. ಕಾರ್ಖಾನೆಯದೇ ಅಂತ ಎಲ್ಲರೂ ಕೂಗಾಡಿದರು, ನಾನೂ ತಲೆಯಾಡಿಸಿದ್ದೆ. ಹೋಗಿ ನೋಡಿದರೆ ಕೆಳಗೆ ಮಿರ್ಚಿ ಬಂಡಿ, ಕಾದ ಎಣ್ಣೆ! ಅಡುಗೆಮನೆ ಕಿಟಕಿ, ಬಂಡಿ, ರಸ್ತೆಯಿಂದ ಮೀಟರ್ ದೂರ ಇಡಿ. ಮೊದಲು ಮಂಡಳಿಯ ಯಂತ್ರದ ಪಕ್ಕ ಹದಿನೈದು ದಿನ ಇಟ್ಟು ಎಷ್ಟು ವ್ಯತ್ಯಾಸ ಅಂತ ತಿಳಿಯಿರಿ. ಇದನ್ನು ಮಾತ್ರ ಯಾರೂ ಮಾಡಲ್ಲ.

ಆದರೆ ಮೀಟರ್ ಜಾಸ್ತಿಯೇ ಹೇಳುತ್ತದೆ ಅಂತಲ್ಲ. ಅದರ ಪಿಎಂ 10 (ಇನ್ನೂ ದಪ್ಪ ಕಣವೂ ಸೇರಿದ ಧೂಳು) ಅಂಕಿ ಬರೀ ಅಂದಾಜು, ದಪ್ಪ ಧೂಳು ಅದಕ್ಕೆ ಕಾಣುವುದೇ ಕಡಿಮೆ. ಮಹಡಿ ಮೇಲೆ ಒಣಹಾಕಿದ ಬಿಳಿ ಬನಿಯನ್ ಕಪ್ಪಾಗುತ್ತಲ್ಲ, ಆ ಧೂಳು. ಅದಕ್ಕೆ ಸ್ಟೀಲ್ ತಟ್ಟೆ ತೊಳೆದು ಒಂದು ದಿನ ಮಹಡಿ ಮೇಲಿಡಿ. ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಸುತ್ತಿ ಮೇಲೆ ಆಡಿಸಿ. ಧೂಳು ಮುಳ್ಳುಮುಳ್ಳಾಗಿ ಎದ್ದು ಅಂಟಿಕೊಂಡರೆ ಅದರಲ್ಲಿ ಕಬ್ಬಿಣವಿದೆ, ಕಾರ್ಖಾನೆಯದಿರಬಹುದು. ಮಣ್ಣಿನಲ್ಲೂ ಕಬ್ಬಿಣ ಇರುತ್ತೆ, ಹಾಗಾಗಿ ಕಾರ್ಖಾನೆಯಿಂದ ದೂರ, ಊರಿನ ಆಚೆ ಬದಿಯಲ್ಲೂ ಒಂದು ತಟ್ಟೆ ಇಟ್ಟು ಹೋಲಿಸಿ. ತಾರೀಕು, ಹೊತ್ತು, ಗಾಳಿಯ ದಿಕ್ಕು, ಫೋಟೊ ಎಲ್ಲ ಸೇರಿಸಿ ಮಂಡಳಿಗೆ ಬರೆಯಿರಿ. ‘ಕಾರ್ಖಾನೆಯವರು ರಾತ್ರಿ ಫಿಲ್ಟರ್ ಆಫ್ ಮಾಡ್ತಾರೆ’ ಅಂತ ಬರೆಯಬೇಡಿ. ನೀವು ಕಂಡದ್ದನ್ನಷ್ಟೇ ಬರೆಯಿರಿ.

ಪ್ರಶ್ನೆ: ಬೆಲ್ಲ ತಿಂದರೆ ಎದೆಯ ಧೂಳು ಹೋಗುತ್ತಾ?
ಉತ್ತರ: ಇಲ್ಲ. ಬೆಲ್ಲ ಹೋಗೋದು ಹೊಟ್ಟೆಗೆ.

ಪ್ರಶ್ನೆ: ಮನಿ ಪ್ಲಾಂಟ್ ಇಟ್ಟರೆ?
ಉತ್ತರ: ಚಂದ ಕಾಣುತ್ತದೆ.

ಪ್ರಶ್ನೆ: ‘ಶ್ವಾಸಕೋಶ ತೊಳೆಯುವ ಕಷಾಯ’ ಮಾರುತ್ತಿದ್ದಾರೆ, ತರಲಾ?
ಉತ್ತರ: ಶ್ವಾಸಕೋಶವೇನು ಪಾತ್ರೆಯಾ? ಆ ದುಡ್ಡಿಗೆ ಎನ್‌95 ಮಾಸ್ಕ್ ತನ್ನಿ. ಒದ್ದೆ ಕರವಸ್ತ್ರ ಸಾಲದು.

ಪ್ರಶ್ನೆ: ಮಗಳಿಗೆ ಉಬ್ಬಸ. ಮೀಟರ್‌ನಲ್ಲಿ ಅಂಕಿ ಇಳಿದ ದಿನ ಇನ್ಹೇಲರ್ ಬಿಡಬಹುದಾ?
ಉತ್ತರ: ಬೇಡ! ದಿನಾ ತೆಗೆದುಕೊಳ್ಳಲು ಡಾಕ್ಟರ್ ಹೇಳಿದ್ದರೆ ದಿನಾ ಕೊಡಿ. ಈ ವಿಷಯಕ್ಕೆ ಮೀಟರ್ ನೋಡಲೇಬೇಡಿ.