ಅರ್ಧ ಖಡ್ಗದ ಪಾಲು

ಈ ಪ್ರಕರಣವನ್ನು ಬರೆಯಲು ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ; ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅಕ್ಕತಂಗಿಯರ ಮಕ್ಕಳಾದ ಅವರನ್ನು ಇಲ್ಲಿ ಅಣ್ಣ, ತಮ್ಮ ಎಂದೇ ಕರೆಯುತ್ತೇನೆ. ತಮ್ಮ ಶಿರಸಿ ಸೀಮೆಯ ಅಡಿಕೆ ತೋಟದ ಮನೆಯವನು, ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವನು. ಅಣ್ಣ ಕಾರವಾರದಲ್ಲಿ ನೆಲೆಸಿದವನು.

ತಮ್ಮನನ್ನು ಆಪ್ತಸಲಹೆಗೆಂದು ನನ್ನ ಬಳಿಗೆ ಕರೆತಂದವರು ಅವನ ಆಯಿ, ಅಂದರೆ ತಾಯಿ. ಮಾಣಿಗೆ (ಹುಡುಗನಿಗೆ) ಗೇಮಿನ ಹುಚ್ಚು ಹಿಡಿದಿದೆ, ರಾತ್ರಿ ನಿದ್ದೆಯಿಲ್ಲ, ದೊಡ್ಡಮ್ಮನ ಮನೆಯ ಪೂಜೆಗೂ ಹೋಗಲಿಲ್ಲ ಎಂಬುದು ಅವರ ದೂರು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದ್ದು, ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಂದಾಗುವುದು, ಹಾನಿಯಾಗುತ್ತಿದ್ದರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ 12 ತಿಂಗಳು ಕಂಡುಬಂದರೆ ಮಾತ್ರ ಅದನ್ನು ಗೇಮಿಂಗ್ ಕಾಯಿಲೆ ಎನ್ನುತ್ತದೆ. ಇವನ ನೌಕರಿ ಸರಿಯಾಗಿ ನಡೆದಿತ್ತು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಸುವ ಕೆಲಸವನ್ನೂ ಅವನೇ ನೋಡಿಕೊಂಡಿದ್ದ. ಎಲ್ಲಕ್ಕಿಂತ ಮುಖ್ಯವಾಗಿ, ನನ್ನಲ್ಲಿಗೆ ಬರುವ ಹೊತ್ತಿಗೆ ಅವನು ಆಟ ನಿಲ್ಲಿಸಿ ಆರು ವಾರಗಳಾಗಿದ್ದವು. ಆಡದವನ ನಿದ್ದೆ ಏಕೆ ಕೆಟ್ಟಿತು ಎಂಬಲ್ಲಿಂದ ನಮ್ಮ ಮಾತು ಆರಂಭವಾಯಿತು.

ಅಣ್ಣ ಮುಖ್ಯಸ್ಥನಾಗಿದ್ದ ಗಿಲ್ಡ್ (ಆಟಗಾರರ ತಂಡ) ಒಂದರಲ್ಲಿ ಇಬ್ಬರೂ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದ ಹಳೆಯ ರೂಪವಾದ ಕ್ಲಾಸಿಕ್ ಆಡುತ್ತಿದ್ದರು. ಸರ್ವರ್ ಯೂರೋಪಿನದು, ಅಲ್ಲಿ ರಾತ್ರಿ ಎಂಟಕ್ಕೆ ಆರಂಭವಾಗುವ ರೇಡ್ (ತಂಡ ಒಟ್ಟಾಗಿ ಮಾಡುವ ದಾಳಿ) ನಮ್ಮಲ್ಲಿ ಬೇಸಿಗೆ, ಮಳೆಗಾಲಗಳಲ್ಲಿ ಹನ್ನೊಂದೂವರೆಗೂ ಚಳಿಗಾಲದಲ್ಲಿ ಹನ್ನೆರಡೂವರೆಗೂ ಬೀಳುತ್ತದೆ. ಮೋಲ್ಟನ್ ಕೋರ್ ಎಂಬ ಗುಹೆಗೆ 40 ಮಂದಿ ಒಟ್ಟಾಗಿ ಇಳಿಯುತ್ತಾರೆ. ಒಬ್ಬ ದೈತ್ಯನನ್ನು ಕೊಂದರೆ ಸಿಗುವುದು ಕೆಲವೇ ವಸ್ತುಗಳು. ಹೀಗೆ ಸಿಕ್ಕಿದ್ದಕ್ಕೆ ಲೂಟ್ ಎನ್ನುತ್ತಾರೆ. ಇಂಗ್ಲಿಷಿನವರು ಆ ಪದವನ್ನು ಒಯ್ದದ್ದು ನಮ್ಮ ‘ಲೂಟಿ’ಗೂ ಮೂಲವಾದ ಹಿಂದಿಯಿಂದಲೇ ಎಂದು ನಾನು ಹೇಳಿದಾಗ ತಮ್ಮ ಮೊದಲ ಸಲ ನಕ್ಕ.

ಥಂಡರ್‌ಫ್ಯೂರಿ ಎಂಬ ಖಡ್ಗಕ್ಕೆ ಎರಡು ತುಣುಕುಗಳು ಬೇಕು. ಒಂದು ಗಾರ್ ಎಂಬ ದೈತ್ಯನಿಂದ, ಇನ್ನೊಂದು ಬ್ಯಾರನ್ ಗೆಡನ್‌ನಿಂದ, ಬಹಳ ಅಪರೂಪಕ್ಕೆ ಬೀಳುತ್ತವೆ. ಎತ್ತಿಕೊಂಡವನಿಗೆ ಅವು ಅಂಟಿಕೊಳ್ಳುತ್ತವೆ. ಸ್ವಲ್ಪ ಹೊತ್ತು ಕಳೆದರೆ ಬೇರೆಯವರಿಗೆ ಕೊಡಲಾಗದು. ಮೊದಲ ತುಣುಕು ಚಳಿಗಾಲದಲ್ಲಿ ಬಿದ್ದಾಗ ಅದನ್ನು ತಮ್ಮನಿಗೆ ಕೊಟ್ಟಿದ್ದರು. ಎರಡನೆಯದು ಬಿದ್ದದ್ದು ಆಗಸ್ಟ್‌ನಲ್ಲಿ. ಅದನ್ನು ಅಣ್ಣನೂ ಗಿಲ್ಡಿನ ಇಬ್ಬರು ಅಧಿಕಾರಿಗಳೂ ಸೇರಿದ ‘ಲೂಟ್ ಕೌನ್ಸಿಲ್’ ಇನ್ನೊಬ್ಬ ಆಟಗಾರನಿಗೆ ಕೊಟ್ಟಿತು. ಈಗ ಇಬ್ಬರ ಬಳಿಯೂ ಅರ್ಧರ್ಧ ಇದೆ, ಖಡ್ಗ ಯಾರ ಬಳಿಯೂ ಇಲ್ಲ. ಗಿಲ್ಡಿನ ಲಾಭದ ದೃಷ್ಟಿಯಿಂದಲೂ ಇದು ತಿಳಿಗೇಡಿತನವೆಂದೇ ನನ್ನ ಅಭಿಪ್ರಾಯ. ಆದರೆ ಅಂಥ ತೀರ್ಪು ಕೊಡುವುದು ನನ್ನ ಕೆಲಸವಾಗಿರಲಿಲ್ಲ.

ಎರಡನೆಯ ಭೇಟಿಗೆ ಅವನು ಒಂದು ನೋಟ್‌ಬುಕ್ ತಂದಿದ್ದ. ಅಪ್ಪ ಅಡಿಕೆ ಸುಲಿಗೆಯ ಲೆಕ್ಕ ಬರೆಯುತ್ತಿದ್ದ ಪುಸ್ತಕ ಅದು. ಹಿಂಬದಿಯಿಂದ ತಿರುಗಿಸಿದರೆ ಇವನ ಅಕ್ಷರ. ಪ್ರತಿ ರೇಡಿನ ತಾರೀಕು, ಎದುರಿಗೆ ‘ಹಾಜರ್’. ಜೂನ್, ಜುಲೈ ತಿಂಗಳುಗಳಲ್ಲಿ ಐದು ಕಡೆ ಮಾತ್ರ ‘ಕರೆಂಟ್ ಇಲ್ಲ’ ಎಂದಿತ್ತು. ಮರ ಬಿದ್ದು ತಂತಿ ಹರಿದರೆ ಘಟ್ಟದ ಮೇಲಿನ ಹಳ್ಳಿಗಳು ಎರಡು ದಿನ ಕತ್ತಲೆಯಲ್ಲಿರುವುದು ನಮಗೆ ಹೊಸತಲ್ಲ. ಕೌನ್ಸಿಲ್ ಈ ಐದು ರಾತ್ರಿಗಳನ್ನೇ ಹಿಡಿದು ಅವನನ್ನು ‘ನಂಬಲಾಗದವನು’ ಎಂದು ಎಣಿಸಿತ್ತು. ಇದು ಅವನಿಗೆ ತಿಳಿದದ್ದು ತುಣುಕು ಕೈತಪ್ಪಿದ ಮೇಲೆ. ಅದೂ ಎಲ್ಲರೂ ಕೇಳುತ್ತಿದ್ದ ಧ್ವನಿ ಚಾನೆಲ್‌ನಲ್ಲಿ, ಅಣ್ಣನ ಬಾಯಿಂದ. “ಖಡ್ಗ ಹೋದದ್ದಕ್ಕಲ್ಲ ಮೇಡಂ. ನಮ್ಮನೆ ಕರೆಂಟಿನ ಕತೆ ಅಣ್ಣನಿಗೆ ಗೊತ್ತಿರಲಿಲ್ಲವೇ?” ಎಂದು ಕೇಳಿ ಅವನು ಪುಸ್ತಕ ಮುಚ್ಚಿದ.

ನಾನು ಅವನಿಗೆ ಸೂಚಿಸಿದ್ದು ಇಷ್ಟು. ಹೋದ ವಸ್ತು, ಗೊತ್ತಿಲ್ಲದ ನಿಯಮ, ನಾಲ್ಕು ಜನರೆದುರು ಅಣ್ಣ ಆಡಿದ ಮಾತು, ಈ ಮೂರನ್ನೂ ಒಂದೇ ಗಂಟಾಗಿ ಕಟ್ಟಿಕೊಂಡು ಹೋದರೆ ಜಗಳ ಖಡ್ಗದ ಮೇಲೇ ನಿಲ್ಲುತ್ತದೆ, ಆಗ ಅಣ್ಣನಿಗೆ ‘ಆಟದ ವಿಷಯಕ್ಕೆ ಇಷ್ಟೊಂದೇ’ ಎನ್ನುವುದು ಸುಲಭವಾಗುತ್ತದೆ. ಆದ್ದರಿಂದ ವಸ್ತುವನ್ನು ಕೇಳಬಾರದು; ಮೂರನೆಯದನ್ನು ಮೊದಲು, ಮನೆಯಲ್ಲಿ, ಎದುರು ಕುಳಿತು ಹೇಳಬೇಕು; ಎರಡನೆಯದನ್ನು ಆಮೇಲೆ ಗಿಲ್ಡಿನ ಮುಂದೆ ಬರೆದು ಇಡಬೇಕು. ರೇಡಿಗೆ ಮರಳುವ ನಿರ್ಧಾರವನ್ನು ಒಂದು ತಿಂಗಳು ಮುಂದೂಡಲು, ಮರಳಿದರೂ ವಾರಕ್ಕೆ ಒಂದೇ ರಾತ್ರಿ ಆಡಲು ಹೇಳಿದೆ.

ಮೂರನೆಯ ಭೇಟಿಗೆ ಅಣ್ಣನೂ ಬಂದ. ಅವನು ಕೆಟ್ಟವನಲ್ಲ. ತನ್ನವನಿಗೇ ಕೊಟ್ಟ ಎಂಬ ಮಾತು ಬರಬಾರದೆಂದು, ಸಂಬಂಧಿಕನ ಮೇಲೆ ಬೇಕೆಂದೇ ಬಿಗಿಯಾಗಿದ್ದನಂತೆ. ಕಾರವಾರದವನೇ ಆದ್ದರಿಂದ ನಾನು ರಂಪಣಿಯ ಮಾತು ತೆಗೆದೆ. ದಡದಿಂದ ಹತ್ತಾರು ಜನ ಎಳೆಯುತ್ತಿದ್ದ ಆ ದೊಡ್ಡ ಬಲೆಯಲ್ಲಿ ಬಲೆಗೆಷ್ಟು, ದೋಣಿಗೆಷ್ಟು, ಎಳೆದ ಕೈಗೆಷ್ಟು ಎಂಬುದು ಮೀನು ಕಾಣುವ ಮೊದಲೇ ಗೊತ್ತಿರುತ್ತಿತ್ತು. ತಮ್ಮ ಕೂಡಲೇ ತಡೆದ: ಮೀನನ್ನು ಪಾಲು ಮಾಡಬಹುದು, ತುಣುಕನ್ನು ಪಾಲು ಮಾಡಲಾಗದು. ಅವನ ಮಾತು ಸರಿ. ಪಾಲಾಗದ ವಸ್ತುವಿಗೆ ಸರದಿಯನ್ನು ಪಾಲು ಮಾಡಬೇಕಾಗುತ್ತದೆ. 1999ರಲ್ಲಿ ಎವರ್‌ಕ್ವೆಸ್ಟ್ ಆಟದವರು ನಾಗಫೆನ್, ವಾಕ್ಸ್ ಎಂಬ ಡ್ರಾಗನ್‌ಗಳ ಲೂಟ್ ಹಂಚಲು ಡಿಕೆಪಿ ಎಂಬ ಅಂಕ ಪದ್ಧತಿ ಹುಟ್ಟಿಸಿದ್ದು ಇದಕ್ಕಾಗಿಯೇ ಎಂದು ಅಣ್ಣನೇ ವಿವರಿಸಿದ. ಬಂದವರಿಗೆ ಅಂಕ, ವಸ್ತು ಪಡೆದಾಗ ಅಂಕ ಖರ್ಚು. ಅದರ ದೋಷವೂ ಅವನಿಗೆ ಗೊತ್ತಿತ್ತು: ಹಳಬರು ಅಂಕ ಕೂಡಿಟ್ಟುಕೊಂಡು ಕೂರುತ್ತಾರೆ, ಹೊಸಬರಿಗೆ ಬಾಗಿಲು ಮುಚ್ಚುತ್ತದೆ. ಇಪಿಜಿಪಿ ಎಂಬ ಇನ್ನೊಂದು ಪದ್ಧತಿಯಲ್ಲಿ ದುಡಿದ ಅಂಕವನ್ನು ಪಡೆದ ವಸ್ತುಗಳ ಅಂಕದಿಂದ ಭಾಗಿಸಿ ಸರದಿ ತೀರ್ಮಾನಿಸುತ್ತಾರೆ. ಎರಡೂ ಕಾಲಕಾಲಕ್ಕೆ ಶೇಕಡಾ ಇಷ್ಟೆಂದು ಕರಗುತ್ತವೆ, ಹಾಗಾಗಿ ಕೂಡಿಟ್ಟು ಲಾಭವಿಲ್ಲ. ಕೌನ್ಸಿಲ್ ಪದ್ಧತಿ ಇವೆರಡಕ್ಕಿಂತ ಚುರುಕು, ಆದರೆ ಕಾರಣವನ್ನು ಮುಂಚೆ ಹೇಳದಿದ್ದರೆ ಅದು ಕೂತವರ ಮನಸ್ಸಿಗೆ ಬಂದಂತೆ ಆಗುತ್ತದೆ.

ಯಾವ ಪದ್ಧತಿ ಎಂಬುದನ್ನು ನಾನು ಹೇಳಲಿಲ್ಲ. ಯಾವುದೇ ಆಗಲಿ, ಗುಹೆಗೆ ಇಳಿಯುವ ಮುನ್ನ ಬರೆದಿರಲಿ, ಎರಡು ತುಣುಕು ಬೇಕಾದ ವಸ್ತುವಿಗೆ ಒಬ್ಬನನ್ನೇ ಮೊದಲೇ ಹೆಸರಿಸಲಿ, ಗೈರುಹಾಜರಿಯ ಕಾರಣ ದಾಖಲಾಗಲಿ ಎಂದೆ. ಕೊನೆಯದಕ್ಕೆ ಅಣ್ಣ ಒಪ್ಪಲಿಲ್ಲ. ಎಲ್ಲರೂ ಕರೆಂಟ್ ಹೋಯಿತೆಂದರೆ ಪರೀಕ್ಷಿಸುವವರು ಯಾರು? ದಾರಿ ತಮ್ಮನಿಗೇ ಹೊಳೆಯಿತು: ತಿಂಗಳಿಗೆ ಎರಡು ಗೈರು, ಯಾರನ್ನೂ ಕಾರಣ ಕೇಳುವುದಿಲ್ಲ, ಅಂಕ ಕಡಿಯುವುದಿಲ್ಲ, ಮೂರನೆಯದಕ್ಕೆ ಕಡಿತ. ಅವನ ಜೂನ್‌ಗೆ ಇದೇ ಲೆಕ್ಕ ಹಚ್ಚಿದರೂ ಒಂದು ರಾತ್ರಿ ಕಡಿತಕ್ಕೆ ಸಿಗುತ್ತಿತ್ತು. ಅದನ್ನು ತೋರಿಸಿದವನೂ ಅವನೇ, ಪುಸ್ತಕ ತೆರೆದು.

ಅಣ್ಣ ಚಾನೆಲ್‌ನಲ್ಲಿ ಆಡಿದ ಮಾತಿಗೆ ನನ್ನೆದುರು ಕ್ಷಮೆ ಕೇಳಲಿಲ್ಲ. ಡಿಸೆಂಬರಿನಲ್ಲಿ ಶಿರಸಿಗೆ ಬಂದು, ಎರಡು ರಾತ್ರಿ ಅಡಿಕೆ ಸುಲಿಗೆಗೆ ಕೂತು ಹೋದನಂತೆ. ತಮ್ಮ ಈಗ ವಾರಕ್ಕೊಮ್ಮೆ ಆಡುತ್ತಾನೆ. ಮಲಗುವುದು ಇನ್ನೂ ತಡವೇ. ಬ್ಯಾರನ್ ಗೆಡನ್‌ನ ತುಣುಕು ಮುಂದೆ ಬಿದ್ದರೆ ಅವನಿಗೆ ಎಂದು ಗಿಲ್ಡಿನ ಹಾಳೆಯಲ್ಲಿ ಬರೆದಿದ್ದಾರೆ. ಅದು ಇನ್ನೂ ಬಿದ್ದಿಲ್ಲ.