ದಿನಾ 80 ಕಿಲೋಮೀಟರ್ ಖುಲ್ಲಾ ರಸ್ತೆ, ಆದರೂ ಎವರೇಜ್ 13? ಮೊದಲು ಗಾಡಿ ನೋಡಿ, ಆಮೇಲೆ ಡ್ರೈವಿಂಗ್

ಅಕ್ಕೋರೆ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ. ಬಾಗಲಕೋಟೆ ನವನಗರದಿಂದ ಲೋಕಾಪುರದ ಆಚೆ ಶಾಲೆಗೆ ದಿನಾ ಹೋಗಿ ಬರುವುದು ಒಟ್ಟು 80 ಕಿಲೋಮೀಟರ್, 2016ರ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಗಾಡಿ, ಒಂದು ಲೀಟರ್ ಇಂಜಿನ್, ಎರಡು ಸಲ ಸರ್ವೀಸ್ ಆಯ್ತು, ಆದರೂ ಎವರೇಜ್ ಲೀಟರಿಗೆ 13 ಕಿಲೋಮೀಟರ್ ದಾಟುತ್ತಿಲ್ಲ, ಕಂಪನಿ 22 ಹೇಳಿತ್ತು ಅಂತ ಬರೆದಿದ್ದೀರಿ. ಕೆಳಗೆ ಬಂದ ಸಲಹೆಗಳನ್ನೂ ನೋಡಿದೆ. ದುಬಾರಿ ಪೆಟ್ರೋಲ್ ಹಾಕಿಸಿ, ಪೈಪಿಗೆ ಮ್ಯಾಗ್ನೆಟ್ ಕಟ್ಟಿಸಿ, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ, ಬೇಸಿಗೆಯಲ್ಲಿ ಹವಾ ಕಮ್ಮಿ ಇಡಿ. ದಯವಿಟ್ಟು ಇವುಗಳಲ್ಲಿ ಒಂದನ್ನೂ ಮಾಡಬೇಡಿ. ಒಂದೊಂದಕ್ಕೂ ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಓದಿ.

ಊರೊಳಗೆ ಮಾತ್ರ ಓಡುವ ಗಾಡಿ 13 ಕೊಟ್ಟರೆ ನಾನು ಏನೂ ಅನ್ನುತ್ತಿರಲಿಲ್ಲ. ಆದರೆ ನಿಮ್ಮದು ಒಂದು ಸಲ ಸ್ಟಾರ್ಟ್ ಮಾಡಿದರೆ 40 ಕಿಲೋಮೀಟರ್ ನಿಲ್ಲದೆ ಓಡುವ ಗಾಡಿ. ಇಂಜಿನ್ ಕಾಯುತ್ತದೆ, ಟಾಪ್ ಗೇರಿನಲ್ಲಿ ಹೋಗುತ್ತದೆ, ಸಿಗ್ನಲ್ ಇಲ್ಲ. ಇಂಥ ಓಡಾಟದಲ್ಲಿ 13 ಅಂದರೆ ಗಾಡಿಯಲ್ಲೇ ಏನೋ ಇದೆ. ನಿಮ್ಮ ಡ್ರೈವಿಂಗ್ ಎಷ್ಟು ಸುಧಾರಿಸಿದರೂ ಅದು ಸರಿಹೋಗುವುದಿಲ್ಲ.

ಮೊದಲು ಆ 22ರ ಲೆಕ್ಕ ಬಿಡಿಸೋಣ. ಅದು ರಸ್ತೆಯ ಮೇಲೆ ಬಂದ ಅಂಕಿ ಅಲ್ಲ. ಲ್ಯಾಬಿನಲ್ಲಿ ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ಎಸಿ ಬಂದ್ ಮಾಡಿ, 90 ದಾಟದ ವೇಗದಲ್ಲಿ ಓಡಿಸಿ ತೆಗೆದದ್ದು. ಅಲ್ಲಿ ಹಂಪ್ ಇಲ್ಲ, ಎದುರುಗಾಳಿ ಇಲ್ಲ, ಕಬ್ಬಿನ ಟ್ರ್ಯಾಕ್ಟರ್ ಇಲ್ಲ. ನಮ್ಮ ರಸ್ತೆಯಲ್ಲಿ ಅದರ ಮುಕ್ಕಾಲು ಭಾಗ, ಇಲ್ಲವೇ ಅದಕ್ಕಿಂತ ಸ್ವಲ್ಪ ಮೇಲೆ ಬಂದರೆ ಗಾಡಿ ಚೆನ್ನಾಗಿದೆ ಅಂತಲೇ ತಿಳಿಯಬೇಕು. ಅಂದರೆ 17, 18. ಇನ್ನು ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರರಲ್ಲಿ 20 ಭಾಗ ಎಥೆನಾಲ್. ಬಾಗಲಕೋಟೆ, ವಿಜಯಪುರ, ಬೆಳಗಾವಿ, ನಮ್ಮ ಈ ಮೂರೂ ಜಿಲ್ಲೆಯ ಕಬ್ಬಿನಿಂದಲೂ ಅದು ತಯಾರಾಗುತ್ತದೆ, ಅದರ ಬಗ್ಗೆ ನನಗೆ ಸಂತೋಷವೇ ಇದೆ. ಆದರೆ ಒಂದು ಲೀಟರ್ ಎಥೆನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಭಾಗದಷ್ಟು ಮಾತ್ರ. 2021ರ ನೀತಿ ಆಯೋಗದ ವರದಿಯಲ್ಲೇ, ಇ10ಕ್ಕೆ ಹೊಂದಿಸಿದ ಹಳೇ ಕಾರುಗಳಿಗೆ ಇ20 ಹಾಕಿದರೆ ಮೈಲೇಜ್ 6ರಿಂದ 7 ಪರ್ಸೆಂಟ್ ಕಮ್ಮಿ ಆಗಬಹುದು ಅಂತ ಬರೆದಿದ್ದಾರೆ. ನಿಮ್ಮದು ಆ ಸಾಲಿನ ಗಾಡಿ. ಅದಕ್ಕೆ ನಾವು ಮಾಡುವಂಥದ್ದು ಏನಿಲ್ಲ, ಲೆಕ್ಕದಲ್ಲಿ ಒಂದು ಕಿಲೋಮೀಟರ್ ಕಳೆದುಬಿಡಿ. ಹಾಗಾಗಿ ನಿಮ್ಮ ಗಾಡಿಯಿಂದ 17 ಕೇಳುವುದು ನ್ಯಾಯ. ಕಳೆದುಹೋದದ್ದು 9 ಅಲ್ಲ, 4.

ಈ 13 ಅನ್ನುವುದು ಹೇಗೆ ಬಂತು, ಡ್ಯಾಶ್‌ಬೋರ್ಡ್ ತೋರಿಸಿದ್ದಾ, ಇಲ್ಲ 500 ರೂಪಾಯಿ ಹಾಕಿಸಿ ಮುಳ್ಳು ನೋಡಿ ಹೇಳಿದ್ದಾ? ಎರಡನ್ನೂ ನಂಬಬೇಡಿ. ಒಂದೇ ಬಂಕಿಗೆ ಹೋಗಿ, ಪಂಪು ತಾನಾಗೇ ಕಟ್ ಆಗುವವರೆಗೆ ಫುಲ್ ಮಾಡಿಸಿ, ಅಲ್ಲಿಗೆ ನಿಲ್ಲಿಸಿ. ಮೇಲೆ ತುಂಬಿಸಬೇಡಿ. ಮೀಟರ್ ಬರೆದುಕೊಳ್ಳಿ. ಮುಂದಿನ ಸಲ ಅದೇ ಬಂಕು, ಅದೇ ಪಂಪು, ಅದೇ ಕಟ್. ಓಡಿದ ಕಿಲೋಮೀಟರನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಹೀಗೆ ಮೂರು ಟ್ಯಾಂಕ್ ಆದ ಮೇಲೆ ಬರುವ ಸರಾಸರಿಯೇ ನಿಜವಾದ ಎವರೇಜ್. ನನ್ನ ಗಾಡಿಯ ಡ್ರಾಯರಿನಲ್ಲಿ ಆರು ವರ್ಷದಿಂದ ಒಂದು ನೋಟ್‌ಬುಕ್ ಇದೆ, ಕೆಳಗೆ ಹೇಳುವ ಅಂಕಿಗಳೆಲ್ಲ ಅದರೊಳಗಿನವು.

ಈಗ ನನ್ನದೇ ಕಥೆ, ನಿಮ್ಮದೂ ಇದೇ ಇರಬಹುದು ಅನ್ನುವ ಗುಮಾನಿ ನನಗೆ ಜಾಸ್ತಿ ಇದೆ. ನಾನು ವಿಜಯಪುರದವನು, ನನ್ನದೂ ಸೆಕೆಂಡ್ ಹ್ಯಾಂಡ್ ಚಿಕ್ಕ ಗಾಡಿ. ತಗೊಂಡಾಗ 13.5 ಕೊಡುತ್ತಿತ್ತು. ಪ್ಲಗ್ ಬದಲಿಸಿದೆ, ಏರ್ ಫಿಲ್ಟರ್ ಹೊಸದು ಹಾಕಿಸಿದೆ, ಇಂಜೆಕ್ಟರ್ ತೊಳೆಸಿದೆ. ಏನೂ ಆಗಲಿಲ್ಲ. ಡಿಸೆಂಬರಿನಲ್ಲಿ ಒಂದು ರಾತ್ರಿ ಸೋಲಾಪುರದಿಂದ ಬರುವಾಗ ಚಳಿ ಅಂತ ಹೀಟರ್ ಹಾಕಿದರೆ ಬರೀ ಉಗುರುಬೆಚ್ಚಗಿನ ಗಾಳಿ. ಒಂದು ಗಂಟೆ ಓಡಿದ ಇಂಜಿನ್, ಹೀಟರ್ ಬಿಸಿ ಇಲ್ಲ ಅಂದರೆ ಏನರ್ಥ? ಇಂಜಿನ್ನೇ ಕಾದಿಲ್ಲ. ಮರುದಿನ ಹಳೇ ಮೇಸ್ತ್ರಿಯೊಬ್ಬರ ಹತ್ತಿರ ಹೋದೆ. ಅವರು ಥರ್ಮೋಸ್ಟಾಟ್ ಅನ್ನುವ ವಾಲ್ವ್ ಕೂರುವ ಜಾಗ ಬಿಚ್ಚಿ ತೋರಿಸಿದರು. ಒಳಗೆ ವಾಲ್ವೇ ಇರಲಿಲ್ಲ!

ನಮ್ಮ ಕಡೆ ಇದು ಬಹಳ ಇದೆ. ಬಿಸಿಲು ನಾಡು, ಗಾಡಿ ಬಿಸಿ ಆಗಬಾರದು ಅಂತ ಯಾರೋ ಯಾವಾಗಲೋ ಆ ವಾಲ್ವ್ ಕಿತ್ತು ಎಸೆದಿರುತ್ತಾರೆ, ಗಾಡಿ ಕೈ ಬದಲಾಗುತ್ತದೆ, ಹೊಸ ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಆ ವಾಲ್ವ್ ಮಾಡುವ ಕೆಲಸ ಇಷ್ಟು: ಕೂಲೆಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ, ಸುಮಾರು 82ರಿಂದ 88 ಡಿಗ್ರಿ ಕಾಯುವವರೆಗೆ ಅದನ್ನು ರೇಡಿಯೇಟರಿಗೆ ಬಿಡದೆ ಇಂಜಿನ್ನಿನಲ್ಲೇ ಸುತ್ತಿಸುವುದು. ಅದಿಲ್ಲದಿದ್ದರೆ ಕೂಲೆಂಟ್ ಸದಾ ರೇಡಿಯೇಟರಿಗೆ ಹೋಗಿ ತಣ್ಣಗಾಗುತ್ತಲೇ ಇರುತ್ತದೆ. ಅದರಲ್ಲೂ ಖುಲ್ಲಾ ರಸ್ತೆಯಲ್ಲಿ ಮುಂದಿನಿಂದ ಗಾಳಿ ಬಡಿಯುವಾಗ ಇಂಜಿನ್ 60, 65ಕ್ಕೇ ನಿಂತುಬಿಡುತ್ತದೆ. ಇಂಜಿನ್ ಇನ್ನೂ ತಣ್ಣಗಿದೆ ಅಂತ ಗಾಡಿಯೊಳಗಿನ ಕಂಪ್ಯೂಟರ್ ತಿಳಿದು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ದಾರಿಯುದ್ದಕ್ಕೂ ಚೋಕ್ ಎಳೆದುಕೊಂಡು ಓಡಿಸಿದ ಹಾಗೆ. ಇಂಜಿನ್ನಿನ ಸವಕಳಿಯೂ ಜಾಸ್ತಿ.

ಬಿಚ್ಚುವ ಮೊದಲೇ ಪರೀಕ್ಷೆ ಮಾಡಬಹುದು. ಟೆಂಪರೇಚರ್ ಮುಳ್ಳು ಇದ್ದರೆ, 15 ನಿಮಿಷ ಓಡಿಸಿದ ಮೇಲೂ ಅದು ಯಾವಾಗಿನ ಜಾಗಕ್ಕಿಂತ ಕೆಳಗೇ ಇರುತ್ತದೆ, ವೇಗ ಹೆಚ್ಚಿದಾಗ ಇನ್ನೂ ಇಳಿಯುತ್ತದೆ. ಮುಳ್ಳಿಲ್ಲದ ಗಾಡಿಗಳಲ್ಲಿ ನೀಲಿ ದೀಪ ಇರುತ್ತದೆ, ಅದು ಬಹಳ ಹೊತ್ತು ಆರುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಒಂದು ಬ್ಲೂಟೂತ್ ಸ್ಕ್ಯಾನರ್ ಸಿಗಿಸಿ ಮೊಬೈಲಿನಲ್ಲಿ ಕೂಲೆಂಟ್ ಉಷ್ಣತೆ ನೋಡುವುದು. ಓಡುವಾಗ 80ರಿಂದ 95ರ ನಡುವೆ ಇರಬೇಕು. 70 ದಾಟದಿದ್ದರೆ ವಾಲ್ವ್ ಇಲ್ಲ, ಅಥವಾ ತೆರೆದೇ ಸಿಕ್ಕಿಕೊಂಡಿದೆ. ನನಗೆ ವಾಲ್ವ್, ಗ್ಯಾಸ್ಕೆಟ್, ಕೂಲೆಂಟ್, ಕೂಲಿ ಎಲ್ಲ ಸೇರಿ 1500ರೊಳಗೆ ಮುಗಿಯಿತು. ಮುಂದಿನ ಮೂರು ಟ್ಯಾಂಕಿನ ಸರಾಸರಿ 16.8.

ವಾಲ್ವ್ ಹಾಕಿಸಿದರೆ ಮೇ ತಿಂಗಳಲ್ಲಿ ಗಾಡಿ ಕುದಿಯುತ್ತದೆ ಅಂತ ಯಾರಾದರೂ ಹೆದರಿಸಬಹುದು. ಕುದಿಯುವುದಿಲ್ಲ. ಬಿಸಿಯಾದಾಗ ಅದು ಪೂರ್ತಿ ತೆರೆದುಕೊಳ್ಳುತ್ತದೆ, ಮುಂದಿನದು ರೇಡಿಯೇಟರ್ ಮತ್ತು ಫ್ಯಾನಿನ ಕೆಲಸ. ಕುದಿದರೆ ರೇಡಿಯೇಟರ್ ಕಟ್ಟಿದೆ ಅಂತ ಅರ್ಥ. ನಮ್ಮ ಬೋರ್‌ವೆಲ್ ನೀರು ಹಾಕುತ್ತಾ ಬಂದಿದ್ದರೆ ಕಟ್ಟದೆ ಇರುತ್ತದೆಯೇ? ಕೊಡದ ತಳದಲ್ಲಿ ಬಿಳಿ ಉಪ್ಪು ಕೂರುವುದು ನೋಡಿದ್ದೀರಲ್ಲ, ಅದೇ ರೇಡಿಯೇಟರಿನೊಳಗೂ ಕೂರುತ್ತದೆ. ತೊಳೆಸಿ, ಕೂಲೆಂಟನ್ನೇ ಹಾಕಿಸಿ.

ಎರಡನೇ ಗುಮಾನಿ ಬ್ರೇಕು. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿಕೊಂಡು ಒಣಗಿದರೆ ಬ್ರೇಕ್ ಪೂರ್ತಿ ಬಿಡುವುದಿಲ್ಲ, ಅರ್ಧ ಹಿಡಿದುಕೊಂಡೇ ಓಡುತ್ತದೆ. ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿ ಇದ್ದರೂ ಹಿಂದಿನ ಗಾಲಿ ಹೀಗೇ ಮಾಡುತ್ತದೆ. ಬ್ರೇಕ್ ಹೆಚ್ಚು ಒತ್ತದೆ ಐದಾರು ಕಿಲೋಮೀಟರ್ ಓಡಿಸಿ, ಇಳಿದು ನಾಲ್ಕೂ ಗಾಲಿಯ ಹತ್ತಿರ ಕೈ ಒಯ್ದು ನೋಡಿ. ಒಂದು ಗಾಲಿಯ ಝಳ ಮಾತ್ರ ಜೋರಾಗಿ ಬಡಿದರೆ ಕಳ್ಳ ಸಿಕ್ಕ. ಮುಟ್ಟಬೇಡಿ, ಸುಡುತ್ತದೆ.

ಎರಡು ಸರ್ವೀಸಿನಲ್ಲಿ ಯಾವ ಆಯಿಲ್ ಹಾಕಿದ್ದಾರೆ ಅಂತಲೂ ಬಿಲ್ ನೋಡಿ. ಮ್ಯಾನ್ಯುಅಲ್‌ನಲ್ಲಿ 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30 ಅಂತ ಇರುವ ಗಾಡಿಗೆ, ಬಿಸಿಲಿಗೆ ಗಟ್ಟಿ ಆಯಿಲ್ ಒಳ್ಳೆಯದು ಅಂತ 20ಡಬ್ಲ್ಯೂ-50 ಸುರಿದಿದ್ದರೆ ಇಂಜಿನ್ ಜೇನುತುಪ್ಪದಲ್ಲಿ ಕೈಯಾಡಿಸಿದ ಹಾಗೆ ಒದ್ದಾಡುತ್ತದೆ. ಚೆಕ್ ಇಂಜಿನ್ ದೀಪ ಹತ್ತಿದ್ದರೆ ಅದನ್ನೂ ಅಲಕ್ಷ್ಯ ಮಾಡಬೇಡಿ, ಆಕ್ಸಿಜನ್ ಸೆನ್ಸರ್ ಕೆಟ್ಟರೂ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಏರ್ ಫಿಲ್ಟರ್ ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಮೈಲೇಜಿಗಿಂತ ಎಳೆತಕ್ಕೇ ಹೆಚ್ಚು ಸಂಬಂಧ, ಆದರೂ ನಮ್ಮ ಧೂಳಿಗೆ ಬೇಗ ಬೇಗ ನೋಡಬೇಕು.

ಹವಾ ವಿಷಯ. ಬೇಸಿಗೆಯಲ್ಲಿ ಕಮ್ಮಿ ಇಡಿ ಅನ್ನುವುದು ತಪ್ಪು ಮಾತ್ರ ಅಲ್ಲ, ಅಪಾಯ. ಹವಾ ಕಮ್ಮಿ ಇದ್ದ ಟೈರ್ ಪ್ರತಿ ಸುತ್ತಿಗೂ ಹೆಚ್ಚು ಮಡಚಿಕೊಳ್ಳುತ್ತದೆ, ಹೆಚ್ಚು ಕಾಯುತ್ತದೆ, ಒಡೆಯುವುದು ಅದೇ. ಡ್ರೈವರ್ ಬಾಗಿಲ ಕಂಬದ ಮೇಲೆ ಸ್ಟಿಕರ್ ಇರುತ್ತದೆ, ಅಲ್ಲಿ ಬರೆದಷ್ಟೇ ಇಡಿ, ಬೇಸಿಗೆಗೂ ಅದೇ, ಚಳಿಗಾಲಕ್ಕೂ ಅದೇ. ಆದರೆ ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ನೋಡಬೇಕು. ನೀವು 40 ಕಿಲೋಮೀಟರ್ ಓಡಿಸಿ ಹೋಗಿ ಪಂಕ್ಚರ್ ಅಂಗಡಿಯಲ್ಲಿ ತೋರಿಸಿದರೆ ಮೂರು ನಾಲ್ಕು ಪಾಯಿಂಟ್ ಜಾಸ್ತಿಯೇ ತೋರಿಸುತ್ತದೆ, ಅವರು ತೆಗೆದುಬಿಡುತ್ತಾರೆ, ರಾತ್ರಿ ತಣ್ಣಗಾದ ಮೇಲೆ ಅಷ್ಟೂ ಕಮ್ಮಿ. ಮುನ್ನೂರು ನಾನೂರು ರೂಪಾಯಿಗೆ ಗೇಜ್ ಸಿಗುತ್ತದೆ, ಒಂದು ಮನೆಯಲ್ಲಿ ಇಟ್ಟುಕೊಳ್ಳಿ. ಹಿಂದಿನವರು ಅಗಲದ ಟೈರ್ ಹಾಕಿಸಿದ್ದಾರಾ ಅಂತಲೂ ಆ ಸ್ಟಿಕರಿನ ಸೈಜಿಗೆ ಹೋಲಿಸಿ ನೋಡಿ.

ಇಷ್ಟು ಆದ ಮೇಲೆ ಡ್ರೈವಿಂಗ್. ಇದರಲ್ಲಿ ಎಲ್ಲಕ್ಕಿಂತ ದೊಡ್ಡದು ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚಿದ್ದು ಕಾಲು ಭಾಗ, ಗಾಳಿಯ ತಡೆ ಹೆಚ್ಚಿದ್ದು ಅರ್ಧಕ್ಕಿಂತ ಮೇಲೆ. ಸೋಲಾಪುರ ರಸ್ತೆ ನಾಲ್ಕು ಲೇನ್ ಆದ ಮೇಲೆ ಎಲ್ಲರ ಕಾಲೂ ಭಾರವಾಗಿದೆ. ಅದೇ ರಸ್ತೆಯಲ್ಲಿ ನನ್ನ ಗಾಡಿ 75, 80ರಲ್ಲಿ 20 ಕೊಟ್ಟಿದೆ, 100ರಲ್ಲಿ 16. ನಿಮ್ಮ 40 ಕಿಲೋಮೀಟರಿನಲ್ಲಿ 100ರಂತೆ ಓಡಿಸಿ ಉಳಿಸುವುದು ಬರೀ ಆರು ನಿಮಿಷ, ಅದೂ ದಾರಿಯುದ್ದಕ್ಕೂ 100 ಸಿಕ್ಕರೆ. ಆಷಾಢದ ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಆಗ ನೀವು ಪಡುವಣಕ್ಕೆ, ಅಂದರೆ ಶಾಲೆಗೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ. ಆದ್ದರಿಂದ ಒಂದು ಕಡೆಯ ಓಟ ಹಿಡಿದು ಎವರೇಜ್ ಹೇಳಬೇಡಿ. ಬೆಳಗಾವಿಗೆ ಹೋದಾಗಲೂ ಅಷ್ಟೇ, ಅದು ಬಾಗಲಕೋಟೆಗಿಂತ 200 ಮೀಟರ್ ಹತ್ತಿರ ಎತ್ತರದಲ್ಲಿದೆ, ಹೋಗುವಾಗ ಏರು.

ಕಬ್ಬಿನ ಸೀಜನ್ ಶುರುವಾದರೆ ನಿಮ್ಮ ರಸ್ತೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಸಾಲು. ಒಂದರ ಹಿಂದೆ ಒಂದನ್ನು ಹಾರಿಸಲು ಹೋಗಿ ಎಕ್ಸಲರೇಟರ್ ಪೂರ್ತಿ ಒತ್ತುವುದು, ಮತ್ತೆ ಬ್ರೇಕ್ ಹಾಕುವುದು, ಪೆಟ್ರೋಲ್ ಸುಡುವುದು ಅಲ್ಲೇ. ಸ್ವಲ್ಪ ದೂರ ಬಿಟ್ಟು ಮೂರನೇ ಗೇರಿನಲ್ಲಿ ಒಂದೇ ಹದದಲ್ಲಿ ಬನ್ನಿ, ದೂರದವರೆಗೆ ರಸ್ತೆ ಕಂಡಾಗ ಮಾತ್ರ ದಾಟಿ. ರಸ್ತೆಯ ಹಂಪ್‌ಗೂ ಹಾಗೇ. ಹಂಪ್ ಕಂಡಾಗಲೇ ಕಾಲು ತೆಗೆದರೆ ಹತ್ತಿರ ಬರುವಷ್ಟರಲ್ಲಿ ಬ್ರೇಕ್ ಬೇಕಾಗುವುದೇ ಇಲ್ಲ. ಇಲ್ಲೇ ನ್ಯೂಟ್ರಲ್ ಮಾತೂ ಬರುತ್ತದೆ. ಗೇರಿನಲ್ಲಿ ಇಟ್ಟು ಕಾಲು ತೆಗೆದರೆ ಇಂಜೆಕ್ಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ, ಗಾಲಿಯೇ ಇಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಬದುಕಿರಲು ಪೆಟ್ರೋಲ್ ಬೇಕೇ ಬೇಕು. ಕಾರ್ಬೊರೇಟರ್ ಕಾಲದ ಅಭ್ಯಾಸ ಅದು. ಇಂಜಿನ್ ಹಿಡಿತ ತಪ್ಪಿ ಇಳಿಜಾರಿನಲ್ಲಿ ಎಲ್ಲ ಭಾರ ಬ್ರೇಕಿನ ಮೇಲೇ ಬೀಳುತ್ತದೆ, ಬೆಳಗಾವಿ ಹತ್ತಿರದ ವಂಟಮುರಿ ಘಾಟಿನಂಥ ಕಡೆ ಹಾಗೆ ಮಾಡಲೇಬಾರದು.

ಗೇರ್ ಬೇಗ ಏರಿಸಿ, 50, 55ಕ್ಕೆ ಐದನೇದು ಬಂದಿರಲಿ, ಆದರೆ ಗಾಡಿ ಗದಗದ ನಡುಗುವಷ್ಟು ಎಳೆಸಬೇಡಿ. ನಿಂತಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚಾದರೆ ಇಂಜಿನ್ ಬಂದ್ ಮಾಡಿ. ನನ್ನ ತಂಗಿ ಬೆಳಗಾವಿಯ ಟಿಳಕವಾಡಿಯಲ್ಲಿದ್ದಾಳೆ, ರೈಲ್ವೆ ಗೇಟಿನ ಮುಂದೆ ನಿಂತಾಗ ಆಫ್ ಮಾಡುವ ರೂಢಿಯಿಂದಲೇ ಅವಳ ಊರೊಳಗಿನ ಎವರೇಜ್ ಅರ್ಧ ಕಿಲೋಮೀಟರ್ ಏರಿತು.

ಎಸಿ ಬಗ್ಗೆ ಜಿಪುಣತನ ಮಾಡಬೇಡಿ. 41, 42 ಡಿಗ್ರಿಯಲ್ಲಿ ಬೆವರು ಸುರಿಸಿಕೊಂಡು ಮಕ್ಕಳಿಗೆ ಪಾಠ ಮಾಡಲು ಹೋಗುವುದು ಬೇಡ. 80ರಲ್ಲಿ ನಾಲ್ಕೂ ಗ್ಲಾಸ್ ಇಳಿಸಿದರೆ ಗಾಳಿಯ ತಡೆಯೂ ಏರುತ್ತದೆ. ಶಾಲೆಯಲ್ಲಿ ಬೇವಿನ ನೆರಳಿದ್ದರೆ ಅಲ್ಲಿ ನಿಲ್ಲಿಸಿ. ಹೊರಡುವಾಗ ಮೊದಲ ಎರಡು ನಿಮಿಷ ಗ್ಲಾಸ್ ಇಳಿಸಿ ಒಳಗಿನ ಕಾವು ಹೋಗಲು ಬಿಡಿ, ಆಮೇಲೆ ಗ್ಲಾಸ್ ಏರಿಸಿ ಎಸಿ ಹಾಕಿ, ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ.

ದುಬಾರಿ ಪೆಟ್ರೋಲಿನಲ್ಲಿ ಆಕ್ಟೇನ್, ಅಂದರೆ ಒತ್ತಡದಲ್ಲಿ ತಾನಾಗೇ ಹೊತ್ತಿಕೊಳ್ಳದಿರುವ ಗುಣ, ಜಾಸ್ತಿ, ನಿಮ್ಮ ಇಂಜಿನ್ನಿಗೆ ಅದರ ಅಗತ್ಯವೇ ಇಲ್ಲ. ಮ್ಯಾಗ್ನೆಟ್‌ಗೆ ಪೆಟ್ರೋಲಿನ ಮೇಲೆ ಯಾವ ಪರಿಣಾಮವೂ ಇಲ್ಲ, ಸುಮ್ನೆ ದುಡ್ಡು ದಂಡ.

ತಿಂಗಳಿಗೆ 24 ದಿನ ಅಂದರೆ ನಿಮಗೆ 1920 ಕಿಲೋಮೀಟರ್. 13ರಲ್ಲಿ 148 ಲೀಟರ್, 17ರಲ್ಲಿ 113. ತಿಂಗಳಿಗೆ 35 ಲೀಟರ್ ವ್ಯತ್ಯಾಸ, ಅಂದರೆ 3500 ರೂಪಾಯಿಗೆ ಕಮ್ಮಿ ಇಲ್ಲ. ಈ ಭಾನುವಾರ ಬೆಳಿಗ್ಗೆ ಹವಾ ನೋಡಿ, ಒಂದು ಸುತ್ತು ಓಡಿಸಿ ಗಾಲಿಯ ಝಳ ನೋಡಿ, ಸೋಮವಾರ ಶಾಲೆ ಮುಟ್ಟಿದ ಕೂಡಲೇ ಟೆಂಪರೇಚರ್ ಮುಳ್ಳು ಎಲ್ಲಿದೆ ಅಂತ ಒಂದು ಫೋಟೋ ತೆಗೆದು ಇಲ್ಲೇ ಹಾಕಿ, ಗಾಡಿ ಬಂದ್ ಮಾಡುವ ಮೊದಲು. ಅದನ್ನು ನೋಡಿ ಮುಂದಿನದು ಹೇಳುತ್ತೇನೆ.