ಆಪ್ತಸಲಹೆ ಪ್ರಕರಣ: ಕೇಳೋಕೆ ಸಂಕೋಚಪಟ್ಟ ಹುಡುಗಿ ಮತ್ತು ಒಂದು ಇಂಟರ್ನ್‌ಶಿಪ್

ಹೊಸನಗರ ತಾಲ್ಲೂಕಿನ ಹುಡುಗಿ. ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದಿದವಳು. ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿದ್ದಳು. ಮನೆಯಲ್ಲಿ ಅಪ್ಪ, ಅಮ್ಮ, ಹೈಸ್ಕೂಲಿಗೆ ಹೋಗುವ ತಮ್ಮ, ಒಂದಿಷ್ಟು ಅಡಿಕೆ ತೋಟ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.

ಬಂದವಳು ಕೂರುವ ಮೊದಲೇ ಮೊಬೈಲ್ ಮುಂದೆ ಹಿಡಿದಳು. "ಮೇಡಂ, ಇದಕ್ಕೆ ದುಡ್ಡು ಕಟ್ಟಬಹುದಾ?"

ಅದೊಂದು ಆಫರ್ ಲೆಟರ್. ಬಣ್ಣದ ಲೋಗೋ, ಕೆಳಗೊಂದು ಸಹಿ. ಎರಡು ತಿಂಗಳು ಮನೆಯಿಂದಲೇ ಕೆಲಸ, ಕೊನೆಗೆ ಪ್ರಮಾಣಪತ್ರ. ಸಂದರ್ಶನ ಅಂತ ಏನೂ ನಡೆದಿರಲಿಲ್ಲ. ಟೆಲಿಗ್ರಾಂನಲ್ಲಿ ಹೆಸರು ಕಳಿಸಿದ್ದಳು, ಮರುದಿನ "ಆಯ್ಕೆಯಾಗಿದ್ದೀರಿ" ಅಂತ ಬಂತು. ಸಂಜೆಯೊಳಗೆ ಸೆಕ್ಯೂರಿಟಿ ಡೆಪಾಸಿಟ್ ಕಟ್ಟದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ ಅಂತಲೂ ಬಂತು. ಅಪ್ಪ ದುಡ್ಡು ಹೊಂದಿಸಿ ಅವಳ ಖಾತೆಗೆ ಹಾಕಿಯೂ ಆಗಿತ್ತು.

ಕಟ್ಟು, ಕಟ್ಟಬೇಡ ಅಂತ ನಾನು ಹೇಳಲಿಲ್ಲ. ಪತ್ರವನ್ನು ಅವಳ ಕೈಯಲ್ಲೇ ಜೋರಾಗಿ ಓದಿಸಿದೆ. ಕಚೇರಿ ಯಾವ ಊರಿನಲ್ಲಿದೆ? ಯಾರ ಕೈಕೆಳಗೆ ಕೆಲಸ? ದಿನಾ ಏನು ಮಾಡಬೇಕು? ಕೆಲಸ ಇಷ್ಟವಾಗದಿದ್ದರೆ ಯಾರಿಗೆ ಹೇಳಬೇಕು? ಅರ್ಧ ಪುಟ ದಾಟುವ ಹೊತ್ತಿಗೆ ಅವಳೇ ಹೇಳಿದಳು, "ಇದರಲ್ಲಿ ಎಂಥದೂ ಇಲ್ಲ ಅಲ್ವಾ ಮೇಡಂ."

ಈ ಮಾತನ್ನು ನಾನು ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತೇನೆ. ಕೆಲಸ ಕೊಡುವವರು ನಿಮ್ಮಿಂದ ದುಡ್ಡು ಕೇಳುವುದಿಲ್ಲ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಡೆಪಾಸಿಟ್, ಹೆಸರು ಏನೇ ಇಡಲಿ. ಕಂಪನಿ ನೋಂದಣಿಯಾಗಿದೆಯಾ ಅಂತ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ಆದರೆ ನೋಂದಣಿ ಇದ್ದ ಮಾತ್ರಕ್ಕೆ ನಂಬಬೇಕಾಗಿಲ್ಲ. ಅಕಸ್ಮಾತ್ ದುಡ್ಡು ಕಳೆದುಕೊಂಡರೆ ನಾಚಿಕೆಪಡುತ್ತಾ ಕೂರಬೇಡಿ. ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ದುಡ್ಡು ಮುಂದೆ ಹೋಗದಂತೆ ತಡೆಯುವ ಸಾಧ್ಯತೆ ಜಾಸ್ತಿ.

ಡೆಪಾಸಿಟ್ ವಿಷಯ ಅಲ್ಲಿಗೆ ಮುಗಿಯಿತು. ಆದರೆ ಅಷ್ಟು ಬುದ್ಧಿ ಇರುವ ಹುಡುಗಿ ಆ ಪತ್ರವನ್ನು ಯಾಕೆ ನಂಬಿದಳು? ಮಾತಾಡಿಸುತ್ತಾ ಹೋದ ಹಾಗೆ ಗೊತ್ತಾಯಿತು. ಮೂರು ತಿಂಗಳಿಂದ ಇಂಟರ್ನ್‌ಶಾಲಾ, ಲಿಂಕ್ಡ್‌ಇನ್, ಸಿಕ್ಕ ಕಡೆಯಲ್ಲೆಲ್ಲ ಅರ್ಜಿ ಹಾಕಿದ್ದಾಳೆ. ಒಂದಕ್ಕೂ ಉತ್ತರ ಇಲ್ಲ. ಊರಲ್ಲಿ ಸಿಗ್ನಲ್ ಸಿಗುವುದು ತೋಟದ ಮೇಲಿನ ದಿಬ್ಬದಲ್ಲಿ. ಮಳೆ ಹಿಡಿದ ಮೇಲೆ ಕರೆಂಟೂ ಇಲ್ಲ. ರಾತ್ರಿ ಕರೆಂಟ್ ಬಂದಾಗ ಎದ್ದು ಮೇಲ್ ನೋಡುವುದು, ಏನೂ ಇಲ್ಲ ಅಂತ ಮಲಗುವುದು, ಮತ್ತೆ ನಿದ್ದೆ ಬಾರದಿರುವುದು. ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು. "ಈಗ ಎಂಥ ಮಾಡ್ತಿದ್ದಿ?" ಅಂತ ಯಾರಾದರೂ ಕೇಳಿದರೆ ಊಟ ಗಂಟಲಲ್ಲಿ ಇಳಿಯುವುದಿಲ್ಲ ಅಂದಳು. ಇಷ್ಟು ದಿನ ಕಾದವಳಿಗೆ ಮೊದಲ ಬಾರಿ "ಆಯ್ಕೆಯಾಗಿದ್ದೀರಿ" ಅನ್ನುವ ಮಾತು ಸಿಕ್ಕಿತ್ತು. ನಂಬದೆ ಏನು ಮಾಡುತ್ತಾಳೆ?

ಬದುಕೇ ಸಾಕು ಅನ್ನಿಸುತ್ತದೆಯಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದಳು, ಬೇಜಾರು ಅಷ್ಟೇ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಬರೆದುಕೊಟ್ಟೆ. ಅರ್ಜಿಯ ಕೆಲಸ ಬೆಳಗಿನ ಹೊತ್ತು ಎರಡು ತಾಸು ಮಾತ್ರ ಅಂತ ಮಿತಿ ಹಾಕಿದೆವು. ಊಟವಾದ ಮೇಲೆ ಮೇಲ್ ನೋಡುವಂತಿಲ್ಲ. ಉತ್ತರ ಬರದ ಅರ್ಜಿಯನ್ನು ಎಷ್ಟೋ ಸಲ ಯಾರೂ ತೆರೆದೇ ಇರುವುದಿಲ್ಲ. ಅದರಲ್ಲಿ ನಿನ್ನ ಯೋಗ್ಯತೆಯ ತೀರ್ಪು ಇಲ್ಲ ಅಂತ ಅವಳಿಗೆ ಬಿಡಿಸಿ ಹೇಳಿದೆ.

ಎರಡನೇ ಭೇಟಿಗೆ ರೆಸ್ಯೂಮ್ ತರಲು ಹೇಳಿದ್ದೆ. ಎಲ್ಲರದ್ದೂ ಇರುವ ಹಾಗೇ ಇತ್ತು. ಮೇಲೆ ಎಲ್ಲಿಂದಲೋ ಎತ್ತಿಕೊಂಡ ನಾಲ್ಕು ಇಂಗ್ಲಿಷ್ ಸಾಲು, ಕೆಳಗೆ ಅಂಕಗಳು, ಟ್ಯಾಲಿ ಕೋರ್ಸ್, ಹವ್ಯಾಸದ ಜಾಗದಲ್ಲಿ ಸಂಗೀತ ಕೇಳುವುದು. ಅನುಭವದ ಕಡೆ ಖಾಲಿ. "ಮನೆಯಲ್ಲಿ ಲೆಕ್ಕ ಯಾರು ಬರೆಯೋದು?" ಅಂತ ಕೇಳಿದೆ. "ನಾನೇ" ಅಂದಳು, ಅದೇನು ದೊಡ್ಡ ವಿಷಯ ಅನ್ನುವ ಹಾಗೆ.

ಮೊಬೈಲಿನಲ್ಲಿದ್ದ ಎಕ್ಸೆಲ್ ಫೈಲ್ ತೆಗೆಸಿದೆ. ಮೂರು ಸುಗ್ಗಿಯ ಲೆಕ್ಕ. ಅಡಿಕೆ ಸುಲಿಯಲು ಬರುವವರ ಹೆಸರು ಒಂದು ಕಡೆ, ದಿನಾ ಯಾರು ಎಷ್ಟು ಡಬ್ಬ ಸುಲಿದರು ಅನ್ನುವುದು ಒಂದು ಕಡೆ. ಮುಂಗಡ ತೆಗೆದುಕೊಂಡವರದ್ದು ಹಳದಿ ಬಣ್ಣದಲ್ಲಿ, ಕೊನೆಗೆ ಕಳೆದು ಕೊಡಬೇಕಾದ ಬಾಕಿ ತಾನೇ ಬರುವ ಹಾಗೆ ಸೂತ್ರ. ಇನ್ನೊಂದು ಹಾಳೆಯಲ್ಲಿ ಮಂಡಿಗೆ ಹಾಕಿದ ಅಡಿಕೆ, ಬಗೆಬಗೆಯಾಗಿ: ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು, ಆ ದಿನದ ಧಾರಣೆ, ಮಂಡಿಯವರು ಹಿಡಿದುಕೊಂಡಿದ್ದು, ಕೈಗೆ ಬಂದಿದ್ದು. ಒಂದು ಕಡೆ ಕೆಂಪು ಗುರುತು ಇತ್ತು. ಏನದು ಅಂದೆ. ಮಂಡಿಯ ಪಟ್ಟಿಯಲ್ಲಿ ತೂಕ ತಪ್ಪಾಗಿ ಬಿದ್ದಿತ್ತಂತೆ. ಇವಳು ಹಿಡಿದಿದ್ದಳು, ಅಪ್ಪ ಹೋಗಿ ಸರಿ ಮಾಡಿಸಿಕೊಂಡು ಬಂದಿದ್ದರು. ಅಮ್ಮನ ಸ್ವಸಹಾಯ ಸಂಘದ ಸಾಲ, ಕಂತಿನ ಪುಸ್ತಕವೂ ಇವಳ ಕೈಯಲ್ಲೇ.

ಇದನ್ನು ನೋಡಿ ನನಗೆ ಖುಷಿಯೂ ಆಯಿತು, ಸಂಕಟವೂ ಆಯಿತು. ಲೆಕ್ಕಪತ್ರ ತಿಳಿದವರು ಬೇಕು ಅನ್ನುವ ಯಾವ ಕಚೇರಿಗಾದರೂ ಬೇಕಾದ ಗುಣ ಇದೇ. ಕೂಲಿ ಲೆಕ್ಕ, ಮುಂಗಡ, ತಾಳೆ ನೋಡುವುದು, ತಪ್ಪು ಹಿಡಿಯುವುದು. ಅದು ರೆಸ್ಯೂಮಿನಲ್ಲಿ ಒಂದು ಸಾಲೂ ಇಲ್ಲ. ಮನೆ ಕೆಲಸ, ತೋಟದ ಕೆಲಸ ಕೆಲಸವೇ ಅಲ್ಲ ಅನ್ನುವುದನ್ನು ನಮ್ಮ ಮಕ್ಕಳು ಎಲ್ಲಿ ಕಲಿತರೋ. ನಾಲ್ಕು ಇಂಗ್ಲಿಷ್ ಸಾಲು ತೆಗೆಸಿ, ಈ ಮೂರು ವರ್ಷದ ಲೆಕ್ಕವನ್ನು ಮೇಲೆ ಬರೆಸಿದೆ. ಕೆಲಸಗಾರರ ಹೆಸರು ಅಳಿಸಿ, ಒಂದು ಹಾಳೆಯನ್ನು ಮಾದರಿಯಾಗಿ ಇಟ್ಟುಕೊಳ್ಳಲು ಹೇಳಿದೆ.

ಆಮೇಲೆ, ಯಾರನ್ನು ಕೇಳುವುದು? ಇಲ್ಲೇ ಅವಳು ನಿಜವಾಗಿ ಸಿಕ್ಕಿಬಿದ್ದಿದ್ದು.

"ನಿಮ್ಮ ಮಂಡಿಯವರ ಲೆಕ್ಕ ಯಾರು ನೋಡುತ್ತಾರೆ?" ಅಂದೆ. ಶಿವಮೊಗ್ಗದಲ್ಲೇ ಯಾರೋ ಆಡಿಟರ್ ಇರಬೇಕು ಅಂದಳು. ಹಾಗಾದರೆ ಅಪ್ಪನ ಮೂಲಕ ಮಂಡಿಯವರನ್ನು ಕೇಳಬಹುದಲ್ಲ? ಮುಖ ಸಣ್ಣದಾಯಿತು. "ಬೇಡ ಮೇಡಂ. ವಶೀಲಿ ಹಚ್ಚಿ ಸೇರಿದಳು ಅಂತಾರೆ. ಅಪ್ಪಯ್ಯನಿಗೂ ದಾಕ್ಷಿಣ್ಯ ಆಗುತ್ತೆ."

ಮಲೆನಾಡಿನ ಮಕ್ಕಳಲ್ಲಿ ಇದನ್ನು ಮತ್ತೆ ಮತ್ತೆ ಕಾಣುತ್ತೇನೆ. ಮುಖ ನೋಡದ ಟೆಲಿಗ್ರಾಂ ಗುಂಪಿಗೆ ಆಧಾರ್ ನಕಲು ಕಳಿಸುತ್ತಾರೆ. ಇಪ್ಪತ್ತು ವರ್ಷದಿಂದ ಮನೆಯವರು ವ್ಯವಹಾರ ಮಾಡಿದ ಮಂಡಿಯಲ್ಲಿ ಒಂದು ಮಾತು ಕೇಳಲು ನಾಚುತ್ತಾರೆ. ಸಂಕೋಚ ಒಳ್ಳೆಯ ಗುಣವೇ. ಇನ್ನೊಬ್ಬರಿಗೆ ಹೊರೆಯಾಗಬಾರದು ಅನ್ನುವ ಮನಸ್ಸು ಅದರ ಹಿಂದಿದೆ. ಅದನ್ನು ಕಿತ್ತು ಹಾಕು ಅಂತ ನಾನು ಹೇಳುವುದಿಲ್ಲ. ಆದರೆ ಇನ್ನೊಬ್ಬರಿಗೆ ಸಿಗಬೇಕಾದದ್ದನ್ನು ಹಿಂಬಾಗಿಲಿನಿಂದ ಪಡೆಯುವುದು ಬೇರೆ, ನನ್ನ ಕೆಲಸ ಒಮ್ಮೆ ನೋಡಿ ಅಂತ ಕೇಳುವುದು ಬೇರೆ. ಅವಳಿಗೆ ಇಷ್ಟೇ ಹೇಳಿದೆ: ಮಂಡಿಯವರ ಹತ್ತಿರ ಕೆಲಸ ಕೇಳಬೇಡ. ನಿಮ್ಮ ಲೆಕ್ಕ ನೋಡುವವರು ಯಾರು, ಅವರನ್ನು ನಾನೇ ಹೋಗಿ ಕಾಣಬಹುದಾ ಅಂತ ಮಾತ್ರ ಕೇಳು. ಬೇಕು, ಬೇಡ ಅನ್ನುವುದು ಆಡಿಟರಿಗೆ ಬಿಟ್ಟಿದ್ದು. ಯಾರ ಮೇಲೂ ಭಾರ ಬೀಳುವುದಿಲ್ಲ.

ಆಡಿಟರ್ ಜೊತೆ ಮಾತಾಡುವುದನ್ನು ಕೋಣೆಯಲ್ಲೇ ಅಭ್ಯಾಸ ಮಾಡಿದೆವು. ನಾನು ಆಡಿಟರ್. ಮೊದಲ ಸಲ ಅವಳ ಮಾತು, "ಸಾರ್, ಏನಾದರೂ ಕೆಲಸ ಇದ್ದರೆ, ಯಾವುದಾದರೂ ಆಗುತ್ತೆ..." ಅಷ್ಟಕ್ಕೆ ಸ್ವರ ಇಳಿದುಹೋಯಿತು. ಯಾವುದಾದರೂ ಆಗುತ್ತೆ ಅಂದರೆ ಕೇಳುವವರಿಗೆ ಏನು ಕೊಡಬೇಕು ಅಂತಲೇ ತೋಚುವುದಿಲ್ಲ. ಇನ್ನೂ ಕೆಲವು ಸಲ ಮಾಡಿದ ಮೇಲೆ ಮಾತು ಹೀಗೆ ನಿಂತಿತು: "ನಮಸ್ಕಾರ ಸಾರ್. ಬಿ.ಕಾಂ. ಮುಗಿಸಿದ್ದೇನೆ. ಟ್ಯಾಲಿ, ಎಕ್ಸೆಲ್ ಬರುತ್ತೆ. ಮನೆಯ ಅಡಿಕೆ ಲೆಕ್ಕ ಮೂರು ವರ್ಷದಿಂದ ನಾನೇ ಇಟ್ಟಿದ್ದೇನೆ. ಖರೀದಿ ಬಿಲ್ಲುಗಳನ್ನು ಜಿಎಸ್‌ಟಿ ಜೊತೆ ತಾಳೆ ನೋಡುವ ಕೆಲಸ ಕಲಿಯಬೇಕು ಅಂತಿದ್ದೇನೆ. ಎರಡು ತಿಂಗಳು ನಿಮ್ಮ ಕಚೇರಿಯಲ್ಲಿ ಇಂಟರ್ನ್ ಆಗಿ ಬರಬಹುದಾ?" ಇದನ್ನು ಹೇಳಲು ಅರ್ಧ ನಿಮಿಷ ಸಾಕು.

ಯಾವಾಗ ಕೇಳಬೇಕು ಅನ್ನುವುದೂ ಮುಖ್ಯ. ಆಡಿಟರ್ ಕಚೇರಿಗೆ ತನ್ನದೇ ಮಳೆಗಾಲ ಇದೆ. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸಲು ಕೊನೆಯ ದಿನಗಳಿವೆ: ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ 11, ತೆರಿಗೆ ಲೆಕ್ಕದ ಸಾರಾಂಶವಾದ ಜಿಎಸ್‌ಟಿಆರ್-3ಬಿಗೆ 20ನೇ ತಾರೀಕು. ಜುಲೈ ಕೊನೆ ಅಂದರೆ ಸಾಮಾನ್ಯವಾಗಿ ಆದಾಯ ತೆರಿಗೆ ರಿಟರ್ನ್ಸ್, ಸೆಪ್ಟೆಂಬರ್ ಕೊನೆ ಅಂದರೆ ತೆರಿಗೆ ಲೆಕ್ಕಪರಿಶೋಧನೆ. 20ನೇ ತಾರೀಕು ಬೆಳಿಗ್ಗೆ ಹೋಗಿ ನಿಂತರೆ ಯಾರೂ ತಲೆ ಎತ್ತುವುದಿಲ್ಲ. ಜುಲೈ, ಸೆಪ್ಟೆಂಬರ್ ಬಿಟ್ಟು ಉಳಿದ ತಿಂಗಳ ಕೊನೆಯ ವಾರದಲ್ಲಿ, ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಹೋಗು ಅಂದೆ. ಇದು ಸಿ.ಎ. ಓದುವವರ ಕಡ್ಡಾಯ ತರಬೇತಿಯಾದ ಆರ್ಟಿಕಲ್‌ಶಿಪ್ ಅಲ್ಲ ಅಂತಲೂ ಬಿಡಿಸಿ ಹೇಳಿದೆ. ಅದಕ್ಕೆ ಸಿ.ಎ. ಪರೀಕ್ಷೆ ನಡೆಸುವ ಸಂಸ್ಥೆ ಐಸಿಎಐನಲ್ಲಿ ನೋಂದಣಿ ಬೇಕು, ಎರಡು ವರ್ಷ ಹಿಡಿಯುತ್ತದೆ. ಇಷ್ಟವಾದರೆ ಆ ದಾರಿ ಆಮೇಲೆ ಯೋಚಿಸಬಹುದು.

ಮೂರನೇ ಸಲ ಅಪ್ಪನೂ ಬಂದಿದ್ದರು. ಅವರ ಚಿಂತೆ ಬೇರೆ. "ಸಂಬಳ ಇಲ್ದೆ ಪೇಟೆಲಿ ಇಟ್ಕಂಡು ದುಡಿಸ್ಕೊಳ್ತಾರಲ್ಲ ಮೇಡಂ, ಪಿಜಿ ಖರ್ಚು ನಾವೇ ಹಾಕ್ಬೇಕಾ?" ನ್ಯಾಯವಾದ ಪ್ರಶ್ನೆ. ದುಡ್ಡೇ ಇಲ್ಲದ ಇಂಟರ್ನ್‌ಶಿಪ್ ಉಳ್ಳವರ ಮಕ್ಕಳಿಗೆ ಮಾತ್ರ ಆಗುವಂಥದ್ದು, ಅದನ್ನು ನಾನು ಒಪ್ಪುವುದಿಲ್ಲ. ಕೊನೆ ಪಕ್ಷ ಬಸ್ಸು, ಊಟ, ವಾಸದ ಖರ್ಚಾದರೂ ಬರಬೇಕು. ಬರದಿದ್ದರೆ ಅವಧಿ ಕಡಿಮೆ ಇರಬೇಕು, ಏನು ಕಲಿಸುತ್ತಾರೆ ಅನ್ನುವುದು ಬರವಣಿಗೆಯಲ್ಲಿ ಇರಬೇಕು. ಎರಡೂ ಇಲ್ಲ ಅಂದರೆ ಬೇಡ ಅಂತ ಎದ್ದು ಬನ್ನಿ ಅಂದೆ. ಶಿವಮೊಗ್ಗದಲ್ಲಿ ಏನೂ ಆಗದಿದ್ದರೆ ಅಂತ ಇನ್ನೊಂದು ದಾರಿಯನ್ನೂ ಹೇಳಿದ್ದೆ. ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಕಂಪ್ಯೂಟರಿಗೆ ತರುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಹಳೆಯ ಲೆಕ್ಕ ಏರಿಸಲು ನಿಮ್ಮೂರಿನ ಸೊಸೈಟಿ ಕಾರ್ಯದರ್ಶಿಗೂ ಕೈ ಬೇಕಿರಬಹುದು, ಕೇಳಿ ನೋಡಿ ಅಂತ.

ಸರ್ಕಾರದ ಯೋಜನೆಗಳ ಬಗ್ಗೆಯೂ ಅಪ್ಪ ಕೇಳಿದರು. ನಿರುದ್ಯೋಗಿ ಪದವೀಧರರಿಗೆ ರಾಜ್ಯ ಸರ್ಕಾರ ಕೊಡುವ ಭತ್ಯೆ ಯುವನಿಧಿ ಶುರುವಾಗಿದ್ದೇ ನಮ್ಮ ಶಿವಮೊಗ್ಗದಲ್ಲಿ, 2024ರ ಜನವರಿ 12ರಂದು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ. ಆದರೆ ಪಾಸಾಗಿ 180 ದಿನ ಕೆಲಸ ಸಿಗದಿದ್ದ ಮೇಲೆ ಮಾತ್ರ. ಅಪ್ರೆಂಟಿಸ್ ವೇತನ ಬರುತ್ತಿದ್ದರೆ ಇದು ಸಿಗುವುದಿಲ್ಲ. ನನ್ನ ಒಲವು ಎನ್‌ಎಟಿಎಸ್, ಅಂದರೆ ಕೇಂದ್ರದ ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆ, ಕಡೆ. ಅದು 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ ಬರುವ ತರಬೇತಿ. ಸ್ಟೈಪೆಂಡ್ ಕೊಡುವುದು ಕಡ್ಡಾಯ, 2019ರ ತಿದ್ದುಪಡಿಯಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ಅಂತ ನಿಗದಿಯಾಗಿತ್ತು. ನೋಂದಣಿಗೆ ದುಡ್ಡಿಲ್ಲ. ಅಂಕಪಟ್ಟಿ ಕೈಗೆ ಬಂದ ದಿನವೇ ನೋಂದಾಯಿಸಿಕೋ ಅಂದೆ.

ಮಂಡಿಯವರು ಒಂದಲ್ಲ, ಎರಡು ಹೆಸರು ಕೊಟ್ಟರು. ಮೊದಲ ಆಡಿಟರ್ ನಿಲ್ಲಿಸಿಯೇ ಮಾತಾಡಿಸಿ, ಈಗ ಆಗುವುದಿಲ್ಲ ಅಂದರು. ಅವಳು ಅತ್ತುಕೊಂಡು ಫೋನ್ ಮಾಡಿದಳು. ಬೈದರಾ ಅಂತ ಕೇಳಿದೆ. ಇಲ್ಲ ಅಂದಳು. ಹಾಗಾದರೆ ನಾಳೆ ಎರಡನೆಯವರ ಹತ್ತಿರ ಹೋಗು ಅಂದೆ. ಎರಡನೆಯವರು ಎಕ್ಸೆಲ್ ಹಾಳೆಯನ್ನು ತುಂಬಾ ಹೊತ್ತು ನೋಡಿದರಂತೆ. ಮುಂಗಡ ಕಳೆಯುವ ಸೂತ್ರ ಯಾರು ಹಾಕಿಕೊಟ್ಟರು ಅಂತ ಕೇಳಿದರಂತೆ. ಆಗಸ್ಟ್ ಮೊದಲ ವಾರದಿಂದ ಬಾ, ಸೆಪ್ಟೆಂಬರ್ ಕೊನೆಯವರೆಗೆ ನಮಗೂ ಕೈ ಬೇಕು ಅಂದರು. ಸ್ಟೈಪೆಂಡ್ ದೊಡ್ಡದಲ್ಲ, ಆದರೆ ಪಿಜಿ ಬಾಡಿಗೆ, ಊಟಕ್ಕೆ ಸಾಲುತ್ತದೆ. ಕೆಲಸದ ಸಮಯ, ಕಲಿಸುವ ವಿಷಯ, ಕೊನೆಯಲ್ಲಿ ಕೊಡುವ ಪತ್ರ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆಸಿಕೊಂಡು ಬಂದಿದ್ದಳು. ಅದನ್ನು ಕೇಳಲು ಮಾತ್ರ ತುಂಬಾ ಧೈರ್ಯ ಬೇಕಾಯಿತು ಅಂದಳು.

ಈಗ ಗ್ರಾಹಕರ ಖರೀದಿ ಪಟ್ಟಿಯನ್ನು ಜಿಎಸ್‌ಟಿಆರ್-2ಬಿ, ಅಂದರೆ ಮಾರಿದವರು ಸಲ್ಲಿಸಿದ ವಿವರದಿಂದ ಜಿಎಸ್‌ಟಿ ಜಾಲತಾಣ ತಾನೇ ತಯಾರಿಸುವ ಪಟ್ಟಿ, ಜೊತೆ ತಾಳೆ ನೋಡುತ್ತಿದ್ದಾಳೆ. ನಿದ್ದೆ ಬರುತ್ತಿದೆ. ಒಂದು ದಿನ ತಪ್ಪು ತಿಂಗಳಿನ ಫೈಲ್ ಇಳಿಸಿಕೊಂಡು ಅರ್ಧ ದಿನದ ಕೆಲಸ ಹಾಳಾಯಿತಂತೆ. ಹಿರಿಯ ಸಹಾಯಕಿ ಪಕ್ಕದಲ್ಲಿ ಕೂತು ಸರಿ ಮಾಡಿಸಿದರಂತೆ. ಎನ್‌ಎಟಿಎಸ್ ನೋಂದಣಿಗೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿಕೊಳ್ಳಲು ಹೇಳಿದ್ದೇನೆ. ಮುಂದಿನ ಭೇಟಿ ಸೆಪ್ಟೆಂಬರ್ ಗಡಿಬಿಡಿ ಮುಗಿದ ಮೇಲೆ. ಆರ್ಟಿಕಲ್‌ಶಿಪ್ ಬೇಕಾ, ಅಪ್ರೆಂಟಿಸ್ ತರಬೇತಿ ಬೇಕಾ ಅನ್ನುವುದನ್ನು ಆಗ ಕೂತು ಮಾತಾಡುತ್ತೇವೆ.